ಹೆಸರಲ್ಲಿ ಸಿಟ್ಟು, ಹಾಡಲ್ಲಿ ಶುಭಾಶಯ

ಅಮೆರಿಕದ ಶಾಲೆಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ ಎಷ್ಟೋ ವರ್ಷಗಳಿಂದ ಹಾಕುತ್ತಾ ಬಂದಿರುವ ಒಂದು ಹಾಡಿದೆ. ಗ್ರೀನ್ ಡೇ ತಂಡದ 'ಗುಡ್ ರಿಡನ್ಸ್'. 1998ರಲ್ಲಿ 'ಸೈನ್‌ಫೆಲ್ಡ್' ಧಾರಾವಾಹಿ ಮುಗಿಯುವಾಗಲೂ ಹಳೆಯ ದೃಶ್ಯಗಳನ್ನು ತೋರಿಸುತ್ತಾ ಇದನ್ನೇ ಹಾಕಿದ್ದರು. ಕೇಳಿದರೆ ಕಣ್ಣು ಒದ್ದೆಯಾಗುತ್ತದೆ. ಆದರೆ ಆ ಹೆಸರಿನ ಅರ್ಥವೇನು? 'ಪೀಡೆ ತೊಲಗಿತು' ಎಂದು. ನಮ್ಮ ಮನೆಯ ಉರ್ದುವಿನಲ್ಲಾದರೆ 'ಚಲೋ, ಜಾನ್ ಛೂಟಿ'. ಬೀಳ್ಕೊಡುಗೆಯ ದಿನ ಹೇಳುವ ಮಾತೇ ಇದು?

ಗ್ರೀನ್ ಡೇ ಕ್ಯಾಲಿಫೋರ್ನಿಯಾದ ಪಂಕ್ ರಾಕ್ ತಂಡ. ಪಂಕ್ ಎಂದರೆ ಜೋರು ಡ್ರಮ್, ಜೋರು ಗಿಟಾರ್, ಅವಸರ. ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್‌ನ ಪ್ರೇಯಸಿ ಅವನನ್ನು ಬಿಟ್ಟು ದಕ್ಷಿಣ ಅಮೆರಿಕದ ಎಕ್ವಡಾರ್‌ಗೆ ಹೊರಟಳು. ಅವನು ಸಮಾಧಾನದಿಂದ ಕಳಿಸಿಕೊಡಬೇಕೆಂದು ಹಾಡು ಬರೆದ. ಸಾಲುಗಳಲ್ಲಿ ಬೈಗುಳವಿಲ್ಲ, ನಿನಗೆ ಒಳ್ಳೆಯದಾಗಿರಲಿ ಎಂಬ ಧಾಟಿ. ಒಳಗಿದ್ದ ಕೋಪವನ್ನೆಲ್ಲ ಹೆಸರಿನಲ್ಲಿ ಇಟ್ಟ. ಆ ಹೆಸರಿನ ಪದಗಳು ಹಾಡಿನೊಳಗೆ ಒಮ್ಮೆಯೂ ಬರುವುದಿಲ್ಲ. ಹಾಗಾಗಿ ಕೇಳುವವರಿಗೆ ಸಿಟ್ಟು ಗೊತ್ತಾಗುವುದೇ ಇಲ್ಲ. ನಮ್ಮ ಅಕೌಂಟೆನ್ಸಿ ಮೇಷ್ಟ್ರು ನೋಡಿದ್ದರೆ ಎಂಟ್ರಿಗೂ ನರೇಶನ್‌ಗೂ ತಾಳೆಯಾಗುವುದಿಲ್ಲ ಎಂದು ಕೆಂಪು ಗೆರೆ ಎಳೆಯುತ್ತಿದ್ದರು!

1994ರ 'ಡೂಕಿ' ಆಲ್ಬಂ ಹೊತ್ತಿಗೇ ಹಾಡು ಇತ್ತಂತೆ. ಉಳಿದ ಹಾಡುಗಳ ಜೊತೆ ಹೊಂದುವುದಿಲ್ಲವೆಂದು ಬಿಟ್ಟರು. 1997ರ 'ನಿಮ್ರಾಡ್'ನಲ್ಲಿ ಅದು ಬಂತು. ಡ್ರಮ್ ಇಲ್ಲ. ಒಂದು ಗಿಟಾರ್, ಒಂದು ಕಂಠ, ಹಿಂದೆ ಪಿಟೀಲುಗಳು. ಎರಡೂವರೆ ನಿಮಿಷದ ಹಾಡು. ಶುರುವಿನಲ್ಲಿ ಅವನು ಗಿಟಾರ್ ತಪ್ಪಿ ನುಡಿಸಿ ಗೊಣಗಿಕೊಂಡು ಮತ್ತೆ ಆರಂಭಿಸುತ್ತಾನೆ. ಆ ತಪ್ಪನ್ನು ಅಳಿಸಲಿಲ್ಲ. ನನಗೆ ಇಡೀ ಹಾಡಿನಲ್ಲಿ ಪಂಕ್ ಅನಿಸುವುದು ಅದೊಂದೇ ಜಾಗ.

ಇದು ಪ್ರೇಮದ ಹಾಡು, ನನಗ್ಯಾಕೆ ಎಂದು ನೀವು ಕೇಳಬಹುದು. ಒಂದನೇ ತರಗತಿಯಿಂದ ನನ್ನ ಪಕ್ಕದಲ್ಲೇ ಕೂತಿದ್ದ ಗೆಳೆಯ ಹೋದ ಜೂನ್‌ನಲ್ಲಿ ಮನೆಯವರ ಜೊತೆ ಜೆಡ್ಡಾಕ್ಕೆ ಹೋದ. ಅವನ ಅಬ್ಬಾ ಅಲ್ಲೇ ಕೆಲಸದಲ್ಲಿದ್ದಾರೆ. ಹೋಗುವುದು ನನಗೆ ತಿಳಿದದ್ದು ನಾಲ್ಕು ದಿನ ಮುಂಚೆ. ಬಸ್ ಹತ್ತಿಸುವಾಗ ಎಲ್ಲರಂತೆ ನಾನೂ 'ಖುದಾ ಹಾಫಿಜ್' ಎಂದೆ, ತಬ್ಬಿಕೊಂಡೆ, ನಗುತ್ತಲೇ ಇದ್ದೆ. ಮನೆಗೆ ಬಂದು ಅಮ್ಮಿ ಕೊಟ್ಟ ಚಹಾ ಕುಡಿಯಲಿಲ್ಲ. ಹೋಗುವವನಿಗೆ ಹೊಸ ಊರು, ಹೊಸ ಕಾಲೇಜು. ಇರುವವನಿಗೆ ಅದೇ ಬೆಂಚು, ಪಕ್ಕದಲ್ಲಿ ಖಾಲಿ ಜಾಗ. ಸಿಟ್ಟು ಬರುವುದಿಲ್ಲವೇ? ಆದರೆ ಆ ಸಿಟ್ಟನ್ನು ಹೇಳಲು ನಮ್ಮಲ್ಲಿ ಪದ್ಧತಿ ಇಲ್ಲ. ಬೀಳ್ಕೊಡುಗೆ ಭಾಷಣಗಳಲ್ಲಿ 'ಸಿಹಿ ನೆನಪುಗಳು' ಮಾತ್ರ ಇರುತ್ತವೆ.

ಕಳೆದ ವಾರ ಅವನಿಗೆ ಈ ಹಾಡು ಕಳಿಸಿದೆ. ಹೆಸರು ಓದಿದ ಕೂಡಲೇ ಉತ್ತರ ಬಂತು: "ಇತ್ತಾ ಗುಸ್ಸಾ ಕಾಯ್ಕು ರೇ?"

ಮೊದಲು ಪೂರ್ತಿ ಕೇಳು ಎಂದು ಬರೆದೆ.