ತೂಗುವ ನೆಲ

ದಾದರ ನಿಲ್ದಾಣದ ಸೇತುವೆಯ ಮೆಟ್ಟಿಲ ಮೇಲೆ ನಮ್ಮಾಕೆ ಕಂಬಿ ಹಿಡಿದು ನಿಂತುಬಿಟ್ಟಾಗ ನಾವು ಮಾಡಿದ ಮೊದಲ ಕೆಲಸವೆಂದರೆ ಕೈಗಡಿಯಾರ ನೋಡಿಕೊಂಡದ್ದು. “ಏನ್ರೀ, ನೆಲಾನ ತೂಗಾಡಲಿಕ್ಕೆ ಹತ್ತೇದ” ಎಂದಳು. ನಮ್ಮ ಲೋಕಲ್ ಹೊರಟುಹೋಯಿತು. ಪಿತ್ತವಿರಬೇಕೆಂದು ಮನೆಗೆ ಬಂದು ನಿಂಬೆಹಣ್ಣಿನ ಪಾನಕ ಕುಡಿಸಿದೆವು. ಇಷ್ಟು ವೈದ್ಯಜ್ಞಾನ ನಮಗೆ ಹುಟ್ಟಿನಿಂದಲೇ ಬಂದದ್ದು.

ಆಮೇಲೆ ಎರಡು ವರ್ಷ ಇದೇ ಕತೆ. ಒಮ್ಮೆ ಅರ್ಧ ಗಂಟೆ, ಒಮ್ಮೆ ಇಡೀ ಎರಡು ದಿನ. ಹೊಟ್ಟೆ ತೊಳಸುವುದು, ಕುಕ್ಕರಿನ ಸೀಟಿ ಕಿವಿಗೆ ಚುಚ್ಚುವುದು, ಟ್ಯೂಬ್‌ಲೈಟು ಕಣ್ಣಿಗೆ ಆಗದಿರುವುದು. ತಲೆನೋವು ಮಾತ್ರ ಇಲ್ಲ. ಅದು ಆಕೆಯ ಇಪ್ಪತ್ತರ ಹರೆಯದಲ್ಲಿ ಕಾಡಿ ಹೋದದ್ದು. ಅದಕ್ಕೂ ಇದಕ್ಕೂ ಗಂಟು ಹಾಕುವ ಬುದ್ಧಿ ನಮಗೆಲ್ಲಿಂದ ಬರಬೇಕು? ಸಂಘದ ನಾಟಕದ ತಾಲೀಮು ಬಿಟ್ಟಳು. “ಮನಸ್ಸಿಲ್ಲದವರಿಗೆ ನೆವ ನೂರು” ಎಂದು ನಾವು ಒಮ್ಮೆ ಅಂದದ್ದುಂಟು. ಉತ್ತರ ಬರಲಿಲ್ಲ.

ಕೊನೆಗೆ ಕಿವಿಯ ಡಾಕ್ಟರರು ಸಮತೋಲ ಪರೀಕ್ಷೆಗೆ ಕಳಿಸಿದರು. ತಲೆ ತಿರುಗುವುದಕ್ಕೂ ಕಿವಿಗೂ ಏನು ನಂಟು ಎನ್ನುವ ವಾಚಕರಿಗೆ ಒಂದು ಮಾತು: ಒಳಗಿವಿಯಲ್ಲಿ ಅರೆಬಳೆಯಂಥ ಮೂರು ನಾಳಗಳಿವೆ. ನಾವು ತಲೆ ಹೊರಳಿಸಿದಾಗ ಅವುಗಳೊಳಗಿನ ದ್ರವ ತುಸು ಹಿಂದುಳಿದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಿವಿಯೊಳಗೆ 30 ಡಿಗ್ರಿಯ ನೀರು, ಆಮೇಲೆ 44 ಡಿಗ್ರಿಯ ನೀರು ಬಿಟ್ಟರೆ ಆ ದ್ರವ ಮೋಸಹೋಗುತ್ತದೆ. ಕಣ್ಣುಗುಡ್ಡೆಗಳು ಒಂದು ಕಡೆ ಮೆಲ್ಲಗೆ ಸರಿದು ಸಟ್ಟನೆ ಮರಳುತ್ತಿರುತ್ತವೆ. ಈ ಪರೀಕ್ಷೆಯ ಮೂಲಪುರುಷ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಹುಮಾನ ಸಂದಿತು. ಸುದ್ದಿ ಬಂದಾಗ ಆತ ರಷ್ಯದಲ್ಲಿ ಯುದ್ಧಕೈದಿ!

ಆಮೇಲೆ ಮೆತ್ತನೆಯ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿದರು. ಆಕೆ ತುಸು ವಾಲಿದಳು, ನಮ್ಮ ಕೈ ತಾನಾಗಿ ಮುಂದೆ ಹೋಯಿತು. “ನೀವು ದೂರ ನಿಲ್ಲಿ” ಎಂದು ಗದರಿಸಿಕೊಂಡೆವು.

ವರದಿಯಲ್ಲಿ ಹೆಚ್ಚೇನೂ ದೋಷವಿರಲಿಲ್ಲ. ‘ನೋಡಿದೆಯಾ’ ಎನ್ನಲು ಬಾಯಿ ತೆರೆದಿದ್ದೆವು. ಡಾಕ್ಟರರು ತಡೆದರು. ಈ ಬೇನೆಯಲ್ಲಿ ಪರೀಕ್ಷೆ ಸರಿಯಾಗಿ ಬರುವುದೇ ಹೆಚ್ಚು; ಬೇರೆ ರೋಗವಲ್ಲವೆಂದು ತಿಳಿಯಲು ಅದು ಬೇಕು, ಅಷ್ಟೆ. ಗುರುತು ಹಿಡಿಯುವುದು ರೋಗಿಯ ಮಾತಿನಿಂದ. 2012ರಲ್ಲಿ ತಜ್ಞರು ಗೊತ್ತುಮಾಡಿದ ಅಳತೆಗೋಲಿನಂತೆ, 5 ನಿಮಿಷದಿಂದ 72 ಗಂಟೆಯವರೆಗಿನ ತಲೆಸುತ್ತು ಐದು ಸಲವಾದರೂ ಬಂದಿರಬೇಕು, ಮೈಗ್ರೇನಿನ ಹಿನ್ನೆಲೆ ಇರಬೇಕು, ಕನಿಷ್ಠ ಅರ್ಧದಷ್ಟು ಸಲ ಮೈಗ್ರೇನಿನ ಲಕ್ಷಣಗಳೂ ಜೊತೆಗಿರಬೇಕು. ಹೆಸರು ವೆಸ್ಟಿಬ್ಯುಲರ್ ಮೈಗ್ರೇನ್. “ತಾರೀಖು ಏನಾದರೂ ನೆನಪಿದೆಯೇ, ತಾಯಿ?” ಎಂದು ಕೇಳಿದರು.

ನಮ್ಮಾಕೆ ಚೀಲದಿಂದ ಎರಡು ವರ್ಷದ ಕಾಲನಿರ್ಣಯದ ಹಾಳೆಗಳನ್ನು ತೆಗೆದಳು. ಹಾಲಿನ ಲೆಕ್ಕದ ಪಕ್ಕದಲ್ಲೇ ದಿನ, ಗಂಟೆ, ಬೆಳಕು, ಸಪ್ಪಳ, ಎಲ್ಲ ಬರೆದಿದ್ದಾಳೆ. ದಾದರದ ದಿನವನ್ನು ಹುಡುಕಿದೆವು. ‘ಮೆಟ್ಟಿಲ ಮೇಲೆ, 40 ನಿಮಿಷ. ಲೋಕಲ್ ತಪ್ಪಿತು. ಇವರಿಗೆ ಸಿಟ್ಟು.’

ಈಗ ಗುಳಿಗೆ ನಡೆದಿದೆ; ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗಬೇಕೆಂಬ ಕಟ್ಟುಪಾಡೂ ಇದೆ. ತಲೆಸುತ್ತು ಪೂರ ನಿಂತಿಲ್ಲ, ಕಡಿಮೆಯಾಗಿದೆ. ಮೊನ್ನೆ ತಾಲೀಮಿಗೆ ಹೊರಟಾಗ ಅದೇ ಸೇತುವೆಯ ಮೇಲೆ ಆಕೆ ಕಂಬಿ ಹಿಡಿದಳು. ನಾವೂ ಪಕ್ಕದಲ್ಲಿ ಹಿಡಿದು ನಿಂತೆವು. ಎರಡು ಲೋಕಲ್ ಹೋದವು. ಮೂರನೆಯದಕ್ಕೆ ಹತ್ತಿದೆವು.