ಒಡೆದ ಪರ್ಶಿಯ ಮೇಲೆ ಲೋಳೆಸರ

ನಮ್ಮ ಅಬ್ಬಾ ಶಹಾಬಾದ್ ಕಲ್ಲು ಹಾಸುವ ಕೆಲಸ ಮಾಡುತ್ತಾರೆ. ಕಲಬುರಗಿಯ ಹಳೆಯ ಮನೆಗಳಲ್ಲಿ ಬರಿಗಾಲಿಗೆ ತಣ್ಣಗೆನಿಸುವ ಬೂದು ನೆಲ ಅದೇ. ಈಗ ಮನೆ ಕಟ್ಟಿಸುವವರು ಹೊಳೆಯುವ ಟೈಲ್ಸ್ ಕೇಳುತ್ತಾರೆ. ಅಬ್ಬಾಗೆ ವಾರದಲ್ಲಿ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಕೆಲಸ ಜೋರಾಗಿದ್ದ ವರ್ಷಗಳಲ್ಲಿ ತಂದು ಹಾಕಿದ ಒಡೆದ ಪರ್ಶಿಗಳ ರಾಶಿ ಮಾತ್ರ ಹಿತ್ತಲಲ್ಲಿ ಹಾಗೇ ಉಳಿದಿದೆ.

ಆ ರಾಶಿಯಲ್ಲೇ ನಾನು ಲೋಳೆಸರ ಬೆಳೆಸಿದ್ದೇನೆ. ನಮ್ಮ ಊರಿನ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಇದರ ಬೇರು ಮಳೆಗಾಲಕ್ಕೇ ಕೊಳೆಯುತ್ತದೆ. ಅದಕ್ಕೆ ಪರ್ಶಿ ತುಂಡುಗಳನ್ನು ಓರೆಯಾಗಿ ನಿಲ್ಲಿಸಿ, ಸಂದುಗಳಿಗೆ ಮರಳು, ಕೆಂಪು ಮಣ್ಣು, ಸ್ವಲ್ಪ ಹಳೆಯ ಕುರಿಗೊಬ್ಬರ ತುಂಬಿದೆ. ಬಿಸಿಲು 40 ಡಿಗ್ರಿ ದಾಟಿದಾಗ ಎಲೆಗಳು ಕೆಂಪಗಾಗುತ್ತವೆ. ನಾನು ಚೊಂಬು ಹಿಡಿದು ಹೋದರೆ ದಾದಿ ಕುಳಿತಲ್ಲಿಂದಲೇ, "ಪಾನಿ ನಕ್ಕೊ ಬೇಟಾ" ಎನ್ನುತ್ತಾರೆ. ಅವರ ಮಾತು ಸರಿ. ಈ ಗಿಡ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಒಳಗಿನ ನೀರು ಸುಲಭವಾಗಿ ಆರುವುದಿಲ್ಲ. ಮಳೆ ಬಿದ್ದ ಮೇಲೆ ಎಲೆಗಳು ಮತ್ತೆ ಹಸಿರಾದವು.

ಉರ್ದುವಿನಲ್ಲಿ ಇದು ಘೀಕ್ವಾರ್. ಅರಬ್ಬಿಯಲ್ಲಿ ಇದರ ಹೆಸರೂ ತಾಳ್ಮೆ ಎಂಬ ಅರ್ಥದ 'ಸಬ್ರ್' ಪದವೂ ಒಂದೇ ಮೂಲದವು. ಎಲೆ ಕತ್ತರಿಸಿದಾಗ ಸಿಪ್ಪೆಯ ಅಡಿಯಿಂದ ಬರುವ ಹಳದಿ ರಸವನ್ನು ಒಮ್ಮೆ ನಾಲಿಗೆಗೆ ತಾಗಿಸಿದವರಿಗೆ ಯಾಕೆಂದು ಗೊತ್ತಾಗುತ್ತದೆ! ಆ ರಸ ಹೊಟ್ಟೆಗೆ ಹೋದರೆ ಭೇದಿ. ದಾದಿ ಕೆಳಗಿನ ಎಲೆಯನ್ನು ಬುಡದಲ್ಲೇ ಕೊಯ್ದು, ಲೋಟದಲ್ಲಿ ನೇರವಾಗಿ ನಿಲ್ಲಿಸಿ, ಹಳದಿಯೆಲ್ಲ ಇಳಿದ ಮೇಲೆಯೇ ಅಂಚಿನ ಮುಳ್ಳು ಸವರಿ ಲೋಳೆ ತೆಗೆಯುತ್ತಾರೆ. ತವೆ ತಾಗಿಸಿಕೊಂಡ ಓಣಿಯ ಹೆಂಗಸರು ಮೊದಲು ನಮ್ಮ ಬಾಗಿಲಿಗೇ ಬರುತ್ತಾರೆ.

ಈ ವರ್ಷ ಬುಡದಲ್ಲಿ 22 ಮರಿಗಳು ಎದ್ದವು. ನರ್ಸರಿಯವರೊಬ್ಬರು ಒಂದಕ್ಕೆ 15 ರೂಪಾಯಿ ಕೊಡುತ್ತೇನೆಂದರು. ಒಟ್ಟು 330. ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ತಕ್ಷಣ ಹೇಳಿದೆ. ಅಮ್ಮಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ದವಾ ಕೋ ಬೇಚ್ತೇ ಕ್ಯಾ?" ಎಂದರು. ಮದ್ದನ್ನು ಮಾರುತ್ತಾರಾ ಎಂದು. ಆ ತಿಂಗಳು ಬಾಡಿಗೆ ಇನ್ನೂ ಕೊಟ್ಟಿರಲಿಲ್ಲ. ಅದು ಅಮ್ಮಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಅಬ್ಬಾ ಏನೂ ಹೇಳಲಿಲ್ಲ. ಮರುದಿನ ಕೆಲಸವಿರಲಿಲ್ಲ. ಉಳಿ ಸುತ್ತಿಗೆ ತೆಗೆದುಕೊಂಡು ಹಿತ್ತಲಿಗೆ ಹೋದರು. ಒಡೆದ ಪರ್ಶಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಸಿಮೆಂಟಿನಿಂದ ಕೂಡಿಸಿ, ತಳದಲ್ಲಿ ತೂತು ಬಿಟ್ಟು ಸಂಜೆಯೊಳಗೆ ಮೂರು ಕಲ್ಲಿನ ಕುಂಡ ಮಾಡಿದ್ದರು. ಅಂಚು ಎಷ್ಟು ನೇರವಾಗಿತ್ತೆಂದರೆ ನಾನು ಸ್ಕೇಲ್ ಇಟ್ಟು ನೋಡಿದೆ. ಸಿಮೆಂಟು ಗಟ್ಟಿಯಾದ ಮೇಲೆ ಒಂದೊಂದರಲ್ಲಿ ಒಂದು ಮರಿ ನೆಟ್ಟೆವು.

ನರ್ಸರಿಯವರು ಮೂರನ್ನೂ ಒಯ್ದರು, ಇನ್ನೂ ಹತ್ತು ಬೇಕೆಂದಿದ್ದಾರೆ. ಚೀಟಿ ಬರೆದವನು ನಾನೇ: ಕಲ್ಲಿನ ಕುಂಡ 3, ದರ 150, ಒಟ್ಟು 450 ರೂಪಾಯಿ. ಅದರ ಕೆಳಗೆ, ಅಮ್ಮಿ ಹೇಳಿದಂತೆ: ಲೋಳೆಸರ 3, ದರ ಇಲ್ಲ.