ಲಕ್ಕಾ ಪಾರಿವಾಳದ ಗರಿ

ಪಾರಿವಾಳಕ್ಕೆ ಕಲರವವೆಂಬ ಹೆಸರೂ ಉಂಟೆಂಬುದನ್ನು ನಾನು ಬಾಲ್ಯದಲ್ಲಿ, ಪಾಠಶಾಲೆಯ ಜಗಲಿಯಲ್ಲಿ ಕುಳಿತು, ಅಮರಕೋಶವನ್ನು ಉರುಹೊಡೆಯುವಾಗ ಕಲಿತೆನು. ಅದೆಷ್ಟು ತಕ್ಕ ಹೆಸರೆಂಬುದು ತಿಳಿದದ್ದು ಅರುವತ್ತು ದಾಟಿದ ಮೇಲೆ. ನಾನು ಉಪಾಧ್ಯಾಯವೃತ್ತಿಯಿಂದ ಬಿಡುಗಡೆ ಹೊಂದಿದ ವರ್ಷ, ಪರಿಚಿತರಾದ ವೃದ್ಧ ಸಾಹೇಬರೊಬ್ಬರು ಒಂದು ಜೊತೆ ಬಿಳಿಯ ಲಕ್ಕಾ ಪಾರಿವಾಳಗಳನ್ನು ತಂದುಕೊಟ್ಟರು. ‘ಪಾರಿವಾಳ ಮನೆ ಹೊಕ್ಕರೆ ಅನಿಷ್ಟವೆಂದು ನೀವೇ ಅಲ್ಲವೆ ಹೇಳುತ್ತಿದ್ದುದು?’ ಎಂದಳು ನಮ್ಮ ಮನೆಯಾಕೆ. ಋಗ್ವೇದದಲ್ಲಿ ಕಪೋತವು ನಿರೃತಿಯ ದೂತನಾಗಿ ಬರುವುದೇನೋ ನಿಜ. ಆದರೆ ಕಾಳಿದಾಸನ ಮೇಘವು ಉಜ್ಜಯಿನಿಯಲ್ಲಿ ತಂಗಬೇಕಾದದ್ದು ಪಾರಿವಾಳಗಳು ಮಲಗಿದ ಮಾಡದ ಮೇಲೆಯೇ ಎಂದು ವಾದಿಸಿ ಗೆದ್ದೆನು. ಇಲ್ಲವೆ ಆಕೆ ಸೋತಂತೆ ನಟಿಸಿದಳು.

ಈ ಹಕ್ಕಿಯ ಕುಲ ಹಳೆಯದು. ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪಾರಿವಾಳಗಳಿದ್ದುವೆಂದು ಅಬುಲ್ ಫಜಲನು ಬರೆದಿಟ್ಟಿದ್ದಾನೆ. ಲಕ್ಕಾ ಜಾತಿಯ ಹೆಸರೂ ಅಲ್ಲಿ ಬರುತ್ತದೆ. ಸಾಮಾನ್ಯ ಪಾರಿವಾಳದ ಬಾಲದಲ್ಲಿ 12 ಗರಿಗಳಿದ್ದರೆ ಲಕ್ಕಾ ಜಾತಿಯಲ್ಲಿ 30, ಕೆಲವೊಮ್ಮೆ 40ರವರೆಗೂ ಇರುವುವೆಂದು ಡಾರ್ವಿನ್ ಮಹಾಶಯನು 1859ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಆತನೂ ಪಾರಿವಾಳಗಳನ್ನು ಸಾಕಿದವನೇ. ಇಂತಹ ಬಾಲವನ್ನು ನವಿಲಿನಂತೆ ಹರಡಿ, ಎದೆಯುಬ್ಬಿಸಿ ನಿಲ್ಲುವ ಈ ಹಕ್ಕಿ ಪ್ರದರ್ಶನಕ್ಕೆಂದೇ ಹುಟ್ಟಿದಂತೆ ಕಾಣುವುದು. ನನ್ನ ತಲೆ ಕೆಟ್ಟದ್ದೂ ಅಲ್ಲಿಯೇ.

ಅದನ್ನು ಸುಖವಾಗಿಡುವುದು ಕಷ್ಟವಲ್ಲ. ಗೂಡು ಒಣಗಿರಬೇಕು, ಗಾಳಿ ಆಡಬೇಕು, ಆದರೆ ನೇರವಾಗಿ ಬೀಸಬಾರದು. ಜೋಳ, ಗೋಧಿ, ಹೆಸರು, ಬಟಾಣಿ ಬೆರೆಸಿ ಹಕ್ಕಿಯೊಂದಕ್ಕೆ ದಿನಕ್ಕೆ ಸುಮಾರು 30 ಗ್ರಾಂ ಕೊಟ್ಟರೆ ಸಾಕು. ಹಲ್ಲಿಲ್ಲದ ಪ್ರಾಣಿಯಾದುದರಿಂದ ಕಾಳನ್ನು ಅರೆಯಲು ಸಣ್ಣ ಹರಳು, ಮೊಟ್ಟೆಯ ತೊಗಟೆಗೆ ಸುಣ್ಣದ ಅಂಶಕ್ಕಾಗಿ ಕಪ್ಪೆಚಿಪ್ಪಿನ ಪುಡಿ ಬೇಕು. ಕೊಕ್ಕನ್ನು ಮುಳುಗಿಸಿ ಹೀರುವ ಹಕ್ಕಿಯಾದ್ದರಿಂದ ನೀರಿನ ಪಾತ್ರೆ ತುಸು ಆಳವಾಗಿರಬೇಕು. ಇಷ್ಟನ್ನೂ ನಾನು ಪಾಠದಂತೆ ಕಲಿತೆನು. ಸಾಹೇಬರು ಮಾತ್ರ ಪದೇಪದೇ ಬೇರೊಂದು ಮಾತು ಹೇಳುತ್ತಿದ್ದರು: ‘ಮೇಷ್ಟ್ರೇ, ಇದನ್ನು ಹೆದರಿಸಬೇಡಿ.’ ಕಾಳಿನ ಲೆಕ್ಕದ ನಡುವೆ ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಎರಡನೆಯ ವರ್ಷದ ಶ್ರಾವಣದಲ್ಲಿ ಹಕ್ಕಿಗಳು ಗರಿ ಉದುರಿಸಿ ಹೊಸ ಗರಿ ತಳೆಯುತ್ತಿದ್ದುವು. ಆಗಲೇ ನನಗೆ ಪ್ರದರ್ಶನದ ಹುಚ್ಚು. ಅವುಗಳನ್ನು ಹಳೆಯ ಗೂಡಿನಿಂದ ಹೊಸ ಪಂಜರಕ್ಕೆ ಹಾಕಿದೆನು. ಬಂದವರಿಗೆಲ್ಲ ಕೈಯಲ್ಲಿ ಹಿಡಿದು ಬಾಲ ಬಿಚ್ಚಿ ತೋರಿಸಿದೆನು. ಒಂದು ರಾತ್ರಿ ಬೆಕ್ಕು ಪಂಜರದ ಜಾಲರಿಯ ಮೇಲೇರಿತು. ನಾನು ದೀಪ ಹಿಡಿದು, ದೊಣ್ಣೆ ಬಡಿಯುತ್ತ, ಕೂಗುತ್ತ ಓಡಿದೆನು. ಬೆಕ್ಕೇನೋ ಓಡಿತು, ಹಕ್ಕಿಗಳು ಕತ್ತಲಲ್ಲಿ ಸರಳಿಗೆ ಅಪ್ಪಳಿಸುತ್ತಲೇ ಇದ್ದುವು. ಅವು ಹೆದರಿದ್ದು ಬೆಕ್ಕಿಗೆಷ್ಟೋ ನನಗೆಷ್ಟೋ!

ಮರುದಿನ ಹಿಕ್ಕೆ ಹಸುರಾಗಿ ನೀರಾಗಿತ್ತು. ಹೆಣ್ಣು ಕಾಳು ಮುಟ್ಟದೆ ಗರಿ ಕೆದರಿ ಮುದುಡಿ ಕುಳಿತಿತು. ಮೂರು ದಿನಗಳಲ್ಲಿ ಅದರ ಗಂಟಲೊಳಗೆ ಗಿಣ್ಣಿನಂತಹ ಹಳದಿ ಗಡ್ಡೆ ಕಂಡಿತು. ಈ ರೋಗದ ಕ್ರಿಮಿ ಎಷ್ಟೋ ಹಕ್ಕಿಗಳಲ್ಲಿ ಸುಮ್ಮನೆ ಮಲಗಿರುವುದೆಂದೂ ಹಕ್ಕಿ ಬಳಲಿ ಬೆದರಿದಾಗ ತಲೆಯೆತ್ತುವುದೆಂದೂ ಪಶುವೈದ್ಯರು ತಿಳಿಸಿದರು. ಔಷಧಕ್ಕೆ ತಡವಾಗಿತ್ತು. ಐದನೆಯ ದಿನ ಅದು ಸತ್ತಿತು. ಗಂಡು ಹಲವು ದಿನ ಕೂಗಲಿಲ್ಲ.

ಆದರೂ ನನ್ನ ಹುಚ್ಚು ಬಿಡಲಿಲ್ಲವೆಂದು ನಾಚಿಕೆಯಿಂದ ಬರೆಯುತ್ತೇನೆ. ಮಾಘದಲ್ಲಿ ಆ ಗಂಡನ್ನು ನೆರೆಯ ಜಿಲ್ಲೆಯ ಪ್ರದರ್ಶನಕ್ಕೆ ಒಯ್ದೆನು. ತೀರ್ಪುಗಾರರು ಬಾಲವನ್ನು ಬೆಳಕಿಗೆ ಹಿಡಿದು, ಮೂರು ಗರಿಗಳ ಅಡ್ಡಕ್ಕೆ ಕೂದಲೆಳೆಯಂತೆ ಹೋದ ಗೆರೆಗಳನ್ನು ತೋರಿಸಿದರು. ‘ಈ ಗರಿಗಳು ಮೂಡುವಾಗ ಇದಕ್ಕೆ ಏನೋ ಆಗಿದೆ, ಮೇಷ್ಟ್ರೇ. ಮುಂದಿನ ಸಲ ಗರಿ ಉದುರುವವರೆಗೂ ಇದು ಅಳಿಯದು.’ ನಾನು ಬಾಯಿ ತೆರೆಯಲಿಲ್ಲ. ಶಬ್ದರೂಪ ತಪ್ಪಿದ್ದಕ್ಕೆ ನಾನು ಬೆತ್ತವೆತ್ತಿದ, ಆಮೇಲೆ ಸಂಸ್ಕೃತದ ತರಗತಿಯ ಕಡೆಗೇ ತಲೆಹಾಕದ ಹುಡುಗನೊಬ್ಬನ ಮುಖ ಬಸ್ಸಿನಲ್ಲಿ ಹಿಂದಿರುಗುವಾಗ ದಾರಿಯುದ್ದಕ್ಕೂ ಕಣ್ಣಮುಂದಿತ್ತು.

ಈಗ ಗರಿ ಮೂಡುವ ಕಾಲದಲ್ಲಿ ನಾನು ಹಕ್ಕಿಯನ್ನು ಕೈಯಿಂದ ಮುಟ್ಟುವುದಿಲ್ಲ. ಪ್ರದರ್ಶನದ ಪಂಜರವನ್ನು ವಾರಗಟ್ಟಲೆ ಮೊದಲೇ ಗೂಡಿನೊಳಗಿಟ್ಟು ಬಾಗಿಲು ತೆರೆದಿಡುತ್ತೇನೆ. ಒಳಗೆ ನಾಲ್ಕು ಕಡಲೆಕಾಯಿ ಬೀಜ ಹಾಕಿದರೆ ಅದು ತಾನಾಗಿ ಹೊಕ್ಕು ತಾನಾಗಿ ಬರುವುದು. ಹೊರಗೆ ಹೋಗಿಬಂದ ಹಕ್ಕಿಯನ್ನು ಎರಡು ವಾರ ಬೇರೆ ಇಡುತ್ತೇನೆ. ಸಾಹೇಬರು ಮತ್ತೊಂದು ಹೆಣ್ಣನ್ನು ಕೊಟ್ಟಿದ್ದಾರೆ. ಗಂಡಿನ ಗೆರೆಬಿದ್ದ ಗರಿಗಳಲ್ಲಿ ಎರಡು ಕಳೆದ ವಾರ ಉದುರಿದುವು. ಆ ಜಾಗದಲ್ಲಿ ಹೊಸವು ಇನ್ನೂ ನೀಲಿ ಕೊಳವೆಗಳಾಗಿವೆ. ಹಿತ್ತಿಲ ಬಾಗಿಲನ್ನು ಯಾರೂ ದಡಕ್ಕನೆ ಹಾಕಕೂಡದೆಂದು ಮೊನ್ನೆ ಮನೆಮಂದಿಗೆಲ್ಲ ಹೇಳಿದೆನು. ಹೇಳುವಾಗ ನನ್ನ ದನಿಯೇ ಏರಿತ್ತೆಂದು ಮನೆಯಾಕೆ ನಕ್ಕಳು.